ಸಾಯದ ಕೋಳಿಯ ಹಕ್ಕಿ ಜ್ವರ

ಬೆಂಗಳೂರಿಗೆ ಹಕ್ಕಿ ಜ್ವರ ನೆನಪಾಗುವುದು ಕೋಳಿಗಳು ಸತ್ತಾಗ ಮಾತ್ರ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸತ್ತು ಎಚ್5ಎನ್1 ಅನ್ನುವ ಹಕ್ಕಿ ಜ್ವರದ ವೈರಸ್ ಪತ್ತೆಯಾಯಿತು. 2018ರ ಹೊಸ ವರ್ಷದ ಹೊತ್ತಿಗೆ ದಾಸರಹಳ್ಳಿಯ ಹೆಸರು ಸುದ್ದಿಯಲ್ಲಿ ಓಡಿತು. ಇಂಥ ಸುದ್ದಿ ಬಂದಾಗೆಲ್ಲ ನಾವು ಮಾಡುವುದು ಒಂದೇ: ಸ್ವಲ್ಪ ದಿನ ಚಿಕನ್ ಬಿಟ್ಟು ಮೀನು ತಿಂದು, ರೇಟು ಇಳಿದ ಮೇಲೆ ಮತ್ತೆ ಅದೇ ಅಂಗಡಿಗೆ ಹೋಗುವುದು.

ಆದರೆ ಹಕ್ಕಿ ಜ್ವರದ ವೈರಸ್‌ಗಳಲ್ಲಿ ಬಹುಪಾಲು ಕೋಳಿಯನ್ನು ಕೊಲ್ಲುವುದೇ ಇಲ್ಲ. ನನಗೆ ಜಾಸ್ತಿ ಯೋಚನೆ ಹುಟ್ಟಿಸುವುದು ಇವೇ.

ಇವುಗಳ ಮೂಲ ಮನೆ ಕಾಡು ಬಾತುಕೋಳಿ, ಕಡಲಹಕ್ಕಿ, ಕೆರೆ ದಂಡೆಯ ಹಕ್ಕಿಗಳ ಮೈ. ಅವುಗಳ ಕರುಳಿನಲ್ಲಿ ವೈರಸ್ ಬೆಳೆಯುತ್ತದೆ, ಹಿಕ್ಕೆಯಲ್ಲಿ ನೀರಿಗೆ ಬೀಳುತ್ತದೆ, ಇನ್ನೊಂದು ಹಕ್ಕಿ ಆ ನೀರು ಕುಡಿಯುತ್ತದೆ. ಬಾತುಕೋಳಿಗೆ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಆರಾಮಾಗಿ ಈಜಿಕೊಂಡಿರುತ್ತದೆ. ಅಲ್ಲಿಂದ ಫಾರಂ ಕೋಳಿಗೆ ದಾಟಿದಾಗ ಕಥೆ ಸ್ವಲ್ಪ ಬದಲಾಗುತ್ತದೆ. ಉದಾಹರಣೆಗೆ ಎಚ್9ಎನ್2. ಇದು ಮೊದಲು ಸಿಕ್ಕಿದ್ದು 1966ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನ ಟರ್ಕಿ ಕೋಳಿಗಳಲ್ಲಿ. ಈಗ ಭಾರತವೂ ಸೇರಿ ಏಷ್ಯಾದ ಬಹಳಷ್ಟು ದೇಶಗಳ ಕೋಳಿ ಫಾರಂಗಳಲ್ಲಿ ಖಾಯಂ ಆಗಿ ಉಳಿದುಬಿಟ್ಟಿದೆ. ಕೋಳಿಯಲ್ಲಿ ಇದು ಕರುಳಿಗಿಂತ ಜಾಸ್ತಿ ಬೆಳೆಯುವುದು ಶ್ವಾಸನಾಳದಲ್ಲಿ.

ಯಾಕೆ ಅಲ್ಲೇ? ವೈರಸ್‌ನ ಮೈಮೇಲೆ ಹಿಮಾಗ್ಲುಟಿನಿನ್ ಅನ್ನುವ ಪ್ರೋಟೀನಿನ ಮುಳ್ಳುಗಳಿವೆ, ಹೆಸರಿನಲ್ಲಿರುವ ಎಚ್ ಇದೇ. ಕೋಳಿಯ ಜೀವಕೋಶಕ್ಕೆ ಅಂಟಿಕೊಳ್ಳುವುದೂ ಒಳಗೆ ನುಗ್ಗುವುದೂ ಇದರ ಬಲದಿಂದ. ಆದರೆ ಹೊಸದಾಗಿ ತಯಾರಾದ ಮುಳ್ಳು ಹಾಗೇ ಕೆಲಸಕ್ಕೆ ಬರುವುದಿಲ್ಲ, ಯಾವುದಾದರೂ ಕಿಣ್ವ ಬಂದು ಅದನ್ನು ಒಂದು ಜಾಗದಲ್ಲಿ ಕತ್ತರಿಸಬೇಕು. ಆ ಕತ್ತರಿ ವೈರಸ್ ಬಳಿ ಇಲ್ಲ, ಕೋಳಿಯದ್ದನ್ನೇ ಬಳಸಿಕೊಳ್ಳಬೇಕು. ಸೌಮ್ಯ ತಳಿಗಳ ಮುಳ್ಳನ್ನು ಕತ್ತರಿಸಬಲ್ಲದ್ದು ಟ್ರಿಪ್ಸಿನ್ ಥರದ ಕಿಣ್ವಗಳು, ಅವು ಸಿಗುವುದು ಮುಖ್ಯವಾಗಿ ಶ್ವಾಸನಾಳ ಮತ್ತು ಕರುಳಿನಲ್ಲಿ, ಹಾಗಾಗಿ ಸೋಂಕು ಅಲ್ಲಿಗೇ ನಿಲ್ಲುತ್ತದೆ. ಎಚ್5 ಮತ್ತು ಎಚ್7 ಗುಂಪಿನ ಕೆಲವು ತಳಿಗಳಲ್ಲಿ ಮಾತ್ರ ಆ ಕತ್ತರಿಸುವ ಜಾಗದಲ್ಲಿ ಆರ್ಜಿನಿನ್, ಲೈಸಿನ್ ಅನ್ನುವ ಅಮೈನೊ ಆಮ್ಲಗಳು ಸಾಲಾಗಿ ಕೂತಿರುತ್ತವೆ. ಅದನ್ನು ಫ್ಯೂರಿನ್ ಅನ್ನುವ ಕಿಣ್ವ ಕತ್ತರಿಸುತ್ತದೆ, ಮತ್ತು ಫ್ಯೂರಿನ್ ಇಡೀ ಮೈಯಲ್ಲಿದೆ. ಮಿದುಳು, ಹೃದಯ, ಮೂತ್ರಪಿಂಡ, ಎಲ್ಲ ಕಡೆ ವೈರಸ್ ಹರಡಿ ಕೋಳಿ ಸತ್ತೇ ಹೋಗುತ್ತದೆ.

ಈ ಎರಡರ ನಡುವಿನ ಗೋಡೆ ತುಂಬಾ ತೆಳು. 1983ರ ಏಪ್ರಿಲಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕೋಳಿಗಳಲ್ಲಿ ಎಚ್5ಎನ್2 ಕಾಣಿಸಿಕೊಂಡಿತು, ಸೌಮ್ಯ ತಳಿ, ಯಾರೂ ಅಷ್ಟಾಗಿ ಗಾಬರಿಯಾಗಲಿಲ್ಲ. ಅಕ್ಟೋಬರ್ ಹೊತ್ತಿಗೆ ಅದೇ ವೈರಸ್ ಕೊಲ್ಲುವ ರೂಪಕ್ಕೆ ಬದಲಾಗಿತ್ತು. ಹತೋಟಿಗೆ ತರಲು ಸುಮಾರು 1.7 ಕೋಟಿ ಹಕ್ಕಿಗಳನ್ನು ಕೊಲ್ಲಬೇಕಾಯಿತು.

ಎಚ್9 ಈವರೆಗೆ ಹಾಗೆ ಬದಲಾಗಿಲ್ಲ, ಅದರ ದಾರಿ ಬೇರೆ. ಸೋಂಕು ತಗುಲಿದ ಕೋಳಿ ಸ್ವಲ್ಪ ಮಂಕಾಗುತ್ತದೆ, ಸೀನುತ್ತದೆ, ಗೊರಗೊರ ಅನ್ನುತ್ತದೆ, ಮೇವು ಕಡಿಮೆ ತಿನ್ನುತ್ತದೆ. ಲೇಯರ್ ಕೋಳಿಯಾದರೆ ಮೊಟ್ಟೆ ಇಳಿಯುತ್ತದೆ. ಇದೇ ಲಕ್ಷಣಗಳು ಕೋಳಿಗಳ ಬೇರೆ ಕಾಯಿಲೆಗಳಾದ ಸಿಆರ್‌ಡಿಗೂ (ಬಹಳ ದಿನ ಕಾಡುವ ಶ್ವಾಸರೋಗ) ಇವೆ, ಬ್ರಾಂಕೈಟಿಸ್‌ಗೂ ಇವೆ, ಸೌಮ್ಯವಾಗಿ ಬಂದ ರಾಣಿಖೇತ್‌ಗೂ ಇವೆ. ಫಾರಂನವರು ನೀರಿಗೆ ಆಂಟಿಬಯೋಟಿಕ್ ಬೆರೆಸಿ ಕಾಯುತ್ತಾರೆ. ವೈರಸ್‌ಗೆ ಅದು ನಾಟುವುದಿಲ್ಲ, ಆದರೂ ಕೋಳಿ ಸುಧಾರಿಸಿಕೊಳ್ಳುವುದುಂಟು, ಯಾಕೆಂದರೆ ಅರ್ಧ ತೊಂದರೆ ಜೊತೆಗೆ ಸೇರಿಕೊಂಡ ಬ್ಯಾಕ್ಟೀರಿಯಾದ್ದು. ಇ. ಕೋಲಿ ಅಥವಾ ಮೈಕೋಪ್ಲಾಸ್ಮಾ ಜೊತೆಗಿದ್ದರೆ ಸೌಮ್ಯ ಅನ್ನಿಸಿಕೊಂಡ ವೈರಸ್ಸೇ ಶೆಡ್ಡಿನಲ್ಲಿ ಸಾವು ತರುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಹೊರಬಿಡುವ ಕಿಣ್ವಗಳು ಆ ಮುಳ್ಳನ್ನು ಕತ್ತರಿಸಿಕೊಡುವುದೂ ಉಂಟು! ಗಾಳಿಯಾಡದ ಶೆಡ್ಡು, ಒದ್ದೆ ಹೊಟ್ಟು, ಕಣ್ಣುರಿಸುವ ಅಮೋನಿಯಾ ಇದ್ದರಂತೂ ಕೋಳಿಯ ಶ್ವಾಸನಾಳದ ಕಾವಲು ಮೊದಲೇ ಹಾಳಾಗಿರುತ್ತದೆ.

ಈಗ ಹರಡುವಿಕೆಗೆ ಬರೋಣ. ಸತ್ತ ಕೋಳಿ ಎಲ್ಲಿಗೂ ಹೋಗುವುದಿಲ್ಲ, ಫಾರಂನಲ್ಲಿ ಗಲಾಟೆ ಏಳುತ್ತದೆ, ಡಾಕ್ಟರು ಬರುತ್ತಾರೆ, ಗೇಟು ಮುಚ್ಚುತ್ತದೆ. ಸೀನುವ ಕೋಳಿ ಹಾಗಲ್ಲ, ತೂಕ ಬಂದಿದೆ ಅಂತ ಕ್ರೇಟಿಗೆ ತುಂಬಿ, ದೊಡ್ಡಬಳ್ಳಾಪುರದ ಕಡೆಯಿಂದಲೋ ಕೋಲಾರದ ಕಡೆಯಿಂದಲೋ ರಾತ್ರಿ ಲೋಡು ಹತ್ತಿ, ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಯಾವುದೋ ಅಂಗಡಿಯ ಪಂಜರದಲ್ಲಿ, ಬೇರೆ ಊರಿನ ಕೋಳಿ, ಪಕ್ಕದಲ್ಲಿ ನಾಟಿ ಕೋಳಿ, ಮೇಲೆ ಕೌಜುಗ (ಕ್ವೇಲ್), ಎಲ್ಲದರ ಜೊತೆ ಕೂತಿರುತ್ತದೆ. ಖಾಲಿ ಕ್ರೇಟು ಮತ್ತೆ ಇನ್ನೊಂದು ಫಾರಂಗೆ ಹೋಗುತ್ತದೆ. ತೊಳೆದು ಹೋಗುತ್ತದಾ? ಮೊಟ್ಟೆ ಟ್ರೇ, ಕೋಳಿ ಹಿಡಿಯುವವರ ಚಪ್ಪಲಿ, ಗೊಬ್ಬರದ ಲಾರಿ, ಇವೆಲ್ಲ ವೈರಸ್‌ಗೆ ಸವಾರಿಯೇ. ಕೌಜುಗವನ್ನು ಸುಮ್ನೆ ಹೆಸರಿಸಲಿಲ್ಲ: ಅದರ ಶ್ವಾಸನಾಳದಲ್ಲಿ ಹಕ್ಕಿಗಳ ವೈರಸ್ ಅಂಟಿಕೊಳ್ಳುವ ಜಾಗವೂ ಇದೆ, ಮನುಷ್ಯರ ಫ್ಲೂ ಅಂಟಿಕೊಳ್ಳುವ ಜಾಗವೂ ಇದೆ.

ಹಾಂಗ್‌ಕಾಂಗ್‌ನವರು ಇದನ್ನು ಅರ್ಥ ಮಾಡಿಕೊಂಡು, ಜೀವಂತ ಕೋಳಿ ಮಾರುವ ಮಾರುಕಟ್ಟೆಗಳಿಗೆ 2001ರಿಂದ ತಿಂಗಳಿಗೊಂದು ರಜೆ ಶುರು ಮಾಡಿದರು. ಆ ದಿನ ಎಲ್ಲ ಖಾಲಿ, ಎಲ್ಲ ತೊಳೆಯಬೇಕು. ಕೌಜುಗ ಮಾರುವುದನ್ನೂ ನಿಲ್ಲಿಸಿದರು. ಎಚ್9ಎನ್2 ಸಿಗುವುದು ಕಡಿಮೆಯಾಯಿತು. ನಮ್ಮ ರಸೆಲ್ ಮಾರ್ಕೆಟ್ಟಿನ ಸುತ್ತ ಇಂಥದ್ದೊಂದು ಮಾಡಿ ನೋಡಬಹುದು ಅಂತ ನನಗನ್ನಿಸುತ್ತದೆ, ವ್ಯಾಪಾರಿಗಳು ಬೈಯ್ಯುತ್ತಾರೆ, ಆ ಮಾತು ಬೇರೆ.

ಇನ್ನೊಂದು ವಿಚಿತ್ರ ಇದೆ. ಮೊದಲೇ ಎಚ್9ಎನ್2 ಸೋಂಕಾಗಿ ಸುಧಾರಿಸಿಕೊಂಡ ಕೋಳಿಗೆ ಆಮೇಲೆ ಎಚ್5ಎನ್1 ತಗುಲಿದರೆ ಅದು ಸಾಯದೆ ಉಳಿಯಬಹುದು, ಆದರೆ ಹಿಕ್ಕೆಯಲ್ಲಿ ವೈರಸ್ ಬಿಡುತ್ತಲೇ ಇರುತ್ತದೆ. 1997ರಲ್ಲಿ ಹಾಂಗ್‌ಕಾಂಗ್‌ನ ಮಾರುಕಟ್ಟೆಗಳಲ್ಲಿ ಕೊಲ್ಲುವ ವೈರಸ್ ಇದ್ದರೂ ಕೋಳಿಗಳು ಚೆನ್ನಾಗಿಯೇ ಕಂಡದ್ದು ಹೀಗೇ ಇರಬೇಕು ಅಂತ ಆಮೇಲಿನ ಪ್ರಯೋಗಗಳು ತೋರಿಸಿದವು. ಸಾಲದ್ದಕ್ಕೆ, ಈ ವೈರಸ್‌ನ ಜೀನುಗಳು ಎಂಟು ಬಿಡಿ ತುಂಡುಗಳಲ್ಲಿವೆ. ಒಂದೇ ಕೋಶಕ್ಕೆ ಎರಡು ತಳಿ ಹೊಕ್ಕರೆ ತುಂಡುಗಳು ಅದಲುಬದಲಾಗುತ್ತವೆ. 2013ರಲ್ಲಿ ಚೀನಾದಲ್ಲಿ ಬಂದ ಎಚ್7ಎನ್9ರ ಒಳಗಿನ ಆರು ತುಂಡುಗಳು ಎಚ್9ಎನ್2ನಿಂದ ಬಂದವು. ಆ ಎಚ್7ಎನ್9 ಮೊದಮೊದಲು ಕೋಳಿಗೆ ಸೌಮ್ಯವೇ ಆಗಿತ್ತು, ಕೆಮ್ಮೂ ಇರಲಿಲ್ಲ. ಮನುಷ್ಯರಲ್ಲಿ 1,500ಕ್ಕೂ ಹೆಚ್ಚು ಜನರಿಗೆ ತಗುಲಿ 600ಕ್ಕೂ ಹೆಚ್ಚು ಜನ ಸತ್ತರು. ಸೌಮ್ಯ ಅಂತ ಗುರುತಿಸುವ ಪರೀಕ್ಷೆ ಮಾಡುವುದು ಕೋಳಿಮರಿಗಳ ಮೇಲೆ ಅಲ್ವಾ, ನಮ್ಮ ಮೇಲಲ್ಲ.

ಎಚ್9ಎನ್2 ಮನುಷ್ಯರಿಗೆ ತಗುಲುವುದು ಅಪರೂಪ, ತಗುಲಿದರೂ ಸಾಮಾನ್ಯವಾಗಿ ಜ್ವರ ಕೆಮ್ಮಿನಲ್ಲಿ ಮುಗಿಯುತ್ತದೆ. ಭಾರತದ ಮೊದಲ ಪ್ರಕರಣ 2019ರಲ್ಲಿ ಮಹಾರಾಷ್ಟ್ರದ ಮೇಲ್‌ಘಾಟ್‌ನ ಒಂದು ಮಗುವಿನದು. ಬೇಯಿಸಿದ ಚಿಕನ್ನಿಗೆ ಹೆದರಬೇಕಿಲ್ಲ, 70 ಡಿಗ್ರಿ ದಾಟಿದರೆ ವೈರಸ್ ಸಾಯುತ್ತದೆ.

ಲಸಿಕೆ ಇದೆ, ಭೋಪಾಲದ ಪ್ರಾಣಿರೋಗ ಸಂಸ್ಥೆಯೇ ಎಚ್9ಎನ್2ಗೆ ಒಂದನ್ನು ತಯಾರಿಸಿದೆ. ಮೊಟ್ಟೆಯ ನಷ್ಟ ತಪ್ಪುತ್ತದೆ, ನಿಜ. ಆದರೆ ಚೀನಾ 1990ರ ದಶಕದಿಂದ ಲಸಿಕೆ ಹಾಕುತ್ತಿದ್ದರೂ ವೈರಸ್ ಹೋಗಿಲ್ಲ, ಲಸಿಕೆ ಪಡೆದ ಕೋಳಿ ಕಾಯಿಲೆ ತೋರಿಸದೆಯೂ ಹರಡಬಹುದು. ಹಾಗಾಗಿ ನನ್ನ ಭರವಸೆ ಲೇಯರ್ ಫಾರಂಗಳಲ್ಲಿ ದಿನಾ ಬರೆಯುವ ಮೊಟ್ಟೆ ಲೆಕ್ಕದ ಪುಸ್ತಕದ ಮೇಲೆ. ಕಾರಣವಿಲ್ಲದೆ ಎರಡು ಮೂರು ದಿನ ಮೊಟ್ಟೆ ಇಳಿದರೆ, ಕೋಳಿ ಸಾಯಲಿ ಅಂತ ಕಾಯದೆ ಪಶುವೈದ್ಯರಿಂದ ಗಂಟಲಿನ ಸ್ವಾಬ್ ತೆಗೆಸಿ ಹೆಬ್ಬಾಳದ ಪಶುರೋಗ ಪರೀಕ್ಷೆಯ ಲ್ಯಾಬಿಗೆ ಕಳಿಸಬಹುದು. ಗಂಟಲಿನದ್ದೇ ಆಗಬೇಕು, ಹಿಕ್ಕೆಯ ಕಡೆಯಿಂದ ಮಾತ್ರ ತೆಗೆದರೆ ಈ ವೈರಸ್ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ.