ಚಡಾವು, ಫ್ಯಾನು ಮತ್ತು ಆರು ರೋಲರ್‌ಗಳು

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಸ್ಕೂಟರ್ ಎಂದರೆ ಅರ್ಧ ಸವಾರಿ, ಅರ್ಧ ಸಾಗಾಟ. ಕಾಲಿಡುವ ಜಾಗದಲ್ಲಿ ಹಿಂಡಿ ಗೋಣಿಯೋ ಗ್ಯಾಸ್ ಸಿಲಿಂಡರೋ, ಹಿಂದೆ ಒಬ್ಬರು, ಎದುರಿಗೆ ಮುರಕಲ್ಲು ಗುಡ್ಡೆಯ ಚಡಾವು, ಅಂದರೆ ಏರು. ತೋಟದಿಂದ ಡಾಮರು ರಸ್ತೆಗೆ ಹತ್ತುವಷ್ಟರಲ್ಲಿ 110 ಸಿಸಿ ಎಂಜಿನ್ ಏದುಸಿರು ಬಿಡುತ್ತದೆ, ಸೀಟಿನಡಿಯಿಂದ ಕಾದ ವಾಸನೆ ಏಳುತ್ತದೆ. ಎಳೆತ ಹೆಚ್ಚಬೇಕು, ಬಿಸಿಯೂ ಇಳಿಯಬೇಕು ಎಂದರೆ ಎರಡೂ ಒಟ್ಟಿಗೆ ಸಿಗದು ಎನ್ನುವವರೇ ಹೆಚ್ಚು. ಎಂಜಿನ್ ಸಿಲಿಂಡರಿನ ಒಳವ್ಯಾಸ, ಅಂದರೆ ಬೋರ್, ದೊಡ್ಡದು ಮಾಡಿಸುವವರ ಮಟ್ಟಿಗೆ ಆ ಮಾತು ಸರಿ. ಸ್ಕೂಟರಿನ ಫ್ಯಾನು ಎಲ್ಲಿ ಕೂತಿದೆ ಎಂದು ನೋಡಿದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ಬೈಕಿನಲ್ಲಿ ಪೆಟ್ರೋಲ್ ಉರಿಯುವ ಸಿಲಿಂಡರ್ ಎದುರುಗಾಳಿಗೆ ಮೈಯೊಡ್ಡಿ ನಿಂತಿರುತ್ತದೆ. ಸ್ಕೂಟರಿನದು ಹಿಂಚಕ್ರದ ಪಕ್ಕ, ಕವಚದೊಳಗೆ. ಹಾಗಾಗಿ 1946ರ ಮೊದಲ ವೆಸ್ಪಾದಲ್ಲೇ ಎಂಜಿನಿನ ಫ್ಲೈವೀಲಿಗೆ ಗಾಳಿ ಬೀಸುವ ರೆಕ್ಕೆ ಜೋಡಿಸಿದ್ದರು. ಲ್ಯಾಂಬ್ರೆಟಾದ ಮೊದಲ ಮಾದರಿಗಳು ಬೆತ್ತಲೆ ಎಂಜಿನಿನವು, ಫ್ಯಾನು ಬೇಕಿರಲಿಲ್ಲ. 1950ರಲ್ಲಿ ಮೈ ಮುಚ್ಚಿದ ಎಲ್‌ಸಿ ಮಾದರಿ ಬಂದಾಗ ಅದಕ್ಕೂ ಫ್ಯಾನು ಬಂತು. ಇಂದಿನ ಏರ್‌ಕೂಲ್ಡ್ ಸ್ಕೂಟರುಗಳದೂ ಅದೇ ಕ್ರಮ: ಎಂಜಿನಿನ ತಿರುಗುವ ದಂಡವಾದ ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ಟಿಗೆ ಫ್ಯಾನು, ಅಲ್ಲಿಂದ ಗಾಳಿಯನ್ನು ಸಿಲಿಂಡರಿನ ಸುತ್ತ ಹಾಯಿಸುವ ಪ್ಲಾಸ್ಟಿಕ್ ಕವರ್.

ಈ ಪುಟ್ಟ ಫ್ಯಾನಿನ ಹೊಣೆ ಸಣ್ಣದಲ್ಲ. ಎಂಟು ಅಶ್ವಶಕ್ತಿ ಎಂದರೆ ಸುಮಾರು 6 ಕಿಲೋವ್ಯಾಟ್. ಪೆಟ್ರೋಲಿನ ಶಕ್ತಿಯಲ್ಲಿ ಕೆಲಸಕ್ಕೆ ಒದಗುವುದು ಕಾಲು ಭಾಗದ ಆಸುಪಾಸು. ಉಳಿದದ್ದರಲ್ಲಿ ಒಂದು ದೊಡ್ಡ ಪಾಲು ಸೈಲೆನ್ಸರಿನಿಂದ ಹೊರಬಿದ್ದರೂ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಐದಾರು ಇಸ್ತ್ರಿಪೆಟ್ಟಿಗೆಗಳಷ್ಟು ಬಿಸಿ ಸಿಲಿಂಡರಿನ ಹೊರಮೈಯ ಲೋಹದ ರೆಕ್ಕೆಗಳ (ಫಿನ್) ಮೂಲಕ, ಆಯಿಲಿನ ಮೂಲಕ ಗಾಳಿ ಸೇರಬೇಕು.

ಬೋರ್ ಹಿಗ್ಗಿಸುವ ಕಿಟ್ಟನ್ನೇ ನೋಡಿ. 50 ಮಿ.ಮೀ. ಬೋರ್, 55.6 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇದ್ದರೆ 109 ಸಿಸಿ. ಬೋರನ್ನು 55ಕ್ಕೆ ಏರಿಸಿದರೆ 132 ಸಿಸಿ, ಅಂದರೆ ಶೇ. 21 ಹೆಚ್ಚು. ಪ್ರತಿ ಹೊಡೆತಕ್ಕೆ ಉರಿಯುವ ಪೆಟ್ರೋಲೂ ಸುಮಾರು ಅಷ್ಟೇ ಹೆಚ್ಚುತ್ತದೆ. ಸಿಲಿಂಡರ್ ಗೋಡೆ ಹಿಗ್ಗುವುದು ಶೇ. 10 ಮಾತ್ರ. ಹೊರಗಿನ ರೆಕ್ಕೆ ಹೆಚ್ಚುಕಡಿಮೆ ಮೊದಲಿನಷ್ಟೇ, ಫ್ಯಾನಂತೂ ಹಳೆಯದೇ. ಬಿಸಿ ಬೆಳೆಯಿತು, ಬಾಗಿಲು ಬೆಳೆಯಲಿಲ್ಲ. ಮೇಲಾಗಿ ಆರ್‌ಸಿಯಲ್ಲಿ ಬರೆದ ಸಿಸಿಯೇ ಸುಳ್ಳಾಗುತ್ತದೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ. ಅದನ್ನು ಬಿಗಿಯಾಗಿ ಓದಬೇಕೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದ್ದು ಕೇರಳದ್ದೇ ಒಂದು ಪ್ರಕರಣದಲ್ಲಿ. ಕಾಸರಗೋಡಿನ ಕೆಎಲ್ 14 ನಂಬರಿನವರು ನೆನಪಿಡಬೇಕಾದ ವಿಷಯ.

ಅದಕ್ಕಿಂತ ಕುತೂಹಲದ್ದು ತಾನಾಗಿ ಗೇರು ಬದಲಿಸುವ ವೇರಿಯೇಟರ್. ಬೆಲ್ಟಿನ ಮುಂದಿನ ಪುಲ್ಲಿಯೊಳಗೆ ಆರು ರೋಲರ್‌ಗಳಿವೆ. ಎಂಜಿನ್ ಜೋರಾಗಿ ತಿರುಗಿದಂತೆ ಅವು ಹೊರಕ್ಕೆ ಸರಿದು, ಪುಲ್ಲಿಯ ಎರಡು ಮುಖಗಳನ್ನು ಹತ್ತಿರ ತಂದು, ಗೇರನ್ನು ಏರಿಸುತ್ತವೆ. ಹೊರದಬ್ಬುವ ಬಲ ರೋಲರಿನ ತೂಕಕ್ಕೂ ತಿರುಗುವ ವೇಗದ ವರ್ಗಕ್ಕೂ ಅನುಗುಣ. ತೂಕವನ್ನು ಶೇ. 20 ಇಳಿಸಿದರೆ ಅಷ್ಟೇ ಬಲ ಬರಲು ಎಂಜಿನ್ ಸುಮಾರು ಶೇ. 12 ಹೆಚ್ಚು ವೇಗವಾಗಿ ತಿರುಗಬೇಕು. ಅಂದರೆ ಗೇರು ತಡವಾಗಿ ಏರುತ್ತದೆ, ಚಡಾವಿನಲ್ಲಿ ಎಳೆತ ಸಿಗುತ್ತದೆ. ಫ್ಯಾನು ಇರುವುದು ಚಕ್ರಕ್ಕಲ್ಲ, ಕ್ರ್ಯಾಂಕಿಗೆ. ಹಾಗಾಗಿ ಗಾಳಿಯೂ ಶೇ. 12ರಷ್ಟು ಹೆಚ್ಚುತ್ತದೆ. ಅದೇ ಹೊರೆ, ಅದೇ ವೇಗದಲ್ಲಿ ಹತ್ತುವವರಿಗೆ ಇದು ಲಾಭವೇ. ಎಳೆತ ಸಿಕ್ಕಿತೆಂದು ಪೂರ್ತಿ ತಿರುಚಿಯೇ ಓಡಿಸಿದರೆ ಉರಿಯುವ ಪೆಟ್ರೋಲೂ ಏರಿ ಲಾಭ ಕರಗುತ್ತದೆ. ಮೈಲೇಜ್ ಸ್ವಲ್ಪ ಬೀಳುವುದಂತೂ ಖಂಡಿತ. ದಿನವೂ ಹೆದ್ದಾರಿಯಲ್ಲಿ ಮಂಗಳೂರಿಗೆ ಹೋಗಿಬರುವವರು ಇದರ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಸದ್ದಿನ ಸೈಲೆನ್ಸರ್ ಬಗ್ಗೆ ಎರಡೇ ಮಾತು. ಹೊಗೆ ಸುಲಭವಾಗಿ ಹೊರಹೋದರೆ ಒಳಬರುವ ಗಾಳಿ ಹೆಚ್ಚಬಹುದು; ಅದಕ್ಕೆ ತಕ್ಕ ಪೆಟ್ರೋಲ್ ಸಿಗದಿದ್ದರೆ ಪೂರ್ತಿ ಆಕ್ಸಿಲರೇಟರಿನಲ್ಲಿ ಎಂಜಿನ್ ಇನ್ನಷ್ಟು ಕಾಯುತ್ತದೆ.

‘ಗಾಳಿ ತಾಗಲಿ’ ಎಂದು ಫ್ಯಾನಿನ ಕವರನ್ನೇ ತೆಗೆದು ಓಡಿಸುವವರೂ ಇದ್ದಾರೆ. ಇದು ತೀರಾ ತಪ್ಪು. ಕವರ್ ಇಲ್ಲದಿದ್ದರೆ ಫ್ಯಾನಿನ ಗಾಳಿ ಸಿಲಿಂಡರಿನ ರೆಕ್ಕೆಗಳ ನಡುವೆ ಹಾಯದೆ ಸುತ್ತ ಚದುರಿಹೋಗುತ್ತದೆ.

ಕರಾವಳಿಯ ಸೆಕೆಯನ್ನು ದೂರುವುದರಲ್ಲೂ ಅರ್ಥವಿಲ್ಲ. ಸೆಕೆ ನಮ್ಮನ್ನು ಕಾಡುವುದು ಬೆವರು ಆರದ ಕಾರಣ; ಲೋಹ ಬೆವರುವುದಿಲ್ಲ. ಏಪ್ರಿಲಿನ 30 ಡಿಗ್ರಿಯ ತೇವದ ಗಾಳಿಯಲ್ಲಿ ಶೇ. 3ರಿಂದ 4 ಭಾಗ ನೀರಾವಿ, ಅಷ್ಟು ಆಮ್ಲಜನಕ ಕಡಿಮೆ, ಶಕ್ತಿಯೂ ಅಷ್ಟೇ ಕಡಿಮೆ. ರೆಕ್ಕೆಗಳ ಬಿಸಿ ನೂರು ಡಿಗ್ರಿಯಾಚೆ ಇರುವಾಗ ಹೊರಗಿನ ನಾಲ್ಕೈದು ಡಿಗ್ರಿ ವ್ಯತ್ಯಾಸ ದೊಡ್ಡದಲ್ಲ. ಮಳೆಗಾಲದ ಕೆಂಪು ಕೆಸರು ಕವರಿನೊಳಗೆ ಸೇರಿ, ಆಯಿಲ್ ಜಿನುಗಿದ ಕಡೆ ಅಂಟಿ, ಒಣಗಿ ಗಟ್ಟಿಯಾಗುವುದೇ ದೊಡ್ಡ ಪೆಟ್ಟು. ರೆಕ್ಕೆಗಳ ಸಂದು ಮುಚ್ಚಿದ ಮೇಲೆ ಫ್ಯಾನು ಬೀಸಿಯೂ ಫಲವಿಲ್ಲ.

ಹಾಗಾಗಿ ಹಗುರ ರೋಲರಿಗೆ ದುಡ್ಡು ಹಾಕುವ ಮೊದಲು, ತುಲಾ ಮಳೆ (ಹಿಂಗಾರು) ಮುಗಿದ ಮೇಲೆ ಕವರ್ ಬಿಚ್ಚಿಸಿ ನೋಡಿ. ಎಂಜಿನ್ ತಣ್ಣಗಿರುವಾಗ ಬ್ರಷ್ಷಿನಿಂದ ಸಂದು ಬಿಡಿಸಿ, ಕವರನ್ನು ಸ್ಕ್ರೂ ಒಂದೂ ಬಿಡದಂತೆ ಮತ್ತೆ ಕೂರಿಸಿ. ಆಮೇಲೂ ಅದೇ ಚಡಾವಿನಲ್ಲಿ ಏದುಸಿರು ಬಿಟ್ಟರೆ ರೋಲರಿನ ಮಾತು ತೆಗೆಯಬಹುದು.