ಸಿಲಿಗುರಿಯ ನಲ್ಲಿಗೆ ತೀಸ್ತಾ ನೀರೇ ಏಕೆ ಬೇಕು?

2024ರ ಮೇ ಕೊನೆಯಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿ ಪಾಲಿಕೆ ನಲ್ಲಿ ನೀರು ಕುಡಿಯಬೇಡಿ ಎಂದು ಸಾರಿತು. ಹಿಮಾಲಯದ ತಪ್ಪಲು, ಧಾರಾಳ ಮಳೆ, ಊರ ಮಧ್ಯದಲ್ಲೇ ಮಹಾನಂದಾ ನದಿ. ಇಷ್ಟಿದ್ದೂ ಜನ ನೀರಿನ ಪ್ಯಾಕೆಟ್‌ಗೆ ಸಾಲು ನಿಂತರು. ಇದು ಒಂದು ವಾರದಲ್ಲಿ ಹುಟ್ಟಿದ ಸಮಸ್ಯೆಯಲ್ಲ.

1881ರಲ್ಲಿ ಡಾರ್ಜಿಲಿಂಗ್‌ಗೆ ಎರಡಡಿ ಅಗಲದ ಹಳಿ ಹೊರಟಾಗ ಇದೊಂದು ಪುಟ್ಟ ಊರು. 1947ರ ವಿಭಜನೆಯಲ್ಲಿ ಕಲ್ಕತ್ತಾದ ಹಳೆಯ ರೈಲು ದಾರಿ ಗಡಿಯಾಚೆ ಹೋಯಿತು. ಈಶಾನ್ಯದ ಸರಕೆಲ್ಲ ಸಿಲಿಗುರಿ ಇರುವ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಗಲದ ಪಟ್ಟಿಯಲ್ಲೇ ಸಾಗಬೇಕಾಯಿತು. ನಿರಾಶ್ರಿತರು ಬಂದರು, ಸೇನೆ ಬಂತು, 1976ರಲ್ಲಿ ಚಹಾ ಹರಾಜು ಕೇಂದ್ರ ಬಂತು. 2011ರ ಜನಗಣತಿಯ ಹೊತ್ತಿಗೆ ಪಾಲಿಕೆಯ ಜನಸಂಖ್ಯೆ 5 ಲಕ್ಷ ದಾಟಿತ್ತು.

ಗೋದಾಮುಗಳು ಎದ್ದಷ್ಟು ಬೇಗ ಒಳಚರಂಡಿ ಬರಲಿಲ್ಲ. ಫುಲೇಶ್ವರಿ, ಜೋಡಾಪಾನಿ ಹೊಳೆಗಳು ಮೋರಿಗಳಾದವು. ಮಹಾನಂದಾ ದಡದ ಖಟಾಲ್‌ಗಳಿಂದ, ಅಂದರೆ ಹಸು-ಎಮ್ಮೆ ಕೊಟ್ಟಿಗೆಗಳಿಂದ, ಸಗಣಿ ನೇರ ನೀರಿಗಿಳಿಯಿತು. ಹಾಗಾಗಿ ಕುಡಿಯಲು ಇನ್ನೊಂದು ನದಿಯೇ ಗತಿ. ಗಜಲ್‌ಡೋಬಾ ಬ್ಯಾರೇಜ್‌ನಿಂದ ನೀರಾವರಿಗೆಂದು ತೋಡಿದ ಕಾಲುವೆ ಸುಮಾರು 25 ಕಿಲೋಮೀಟರ್ ಹರಿದು ಫುಲ್ಬಾರಿಗೆ ತೀಸ್ತಾ ನೀರು ತರುತ್ತದೆ. ಶುದ್ಧೀಕರಣ ಘಟಕ ಇರುವುದು ಅಲ್ಲೇ.

2023ರ ಅಕ್ಟೋಬರ್ 4ರಂದು ಸಿಕ್ಕಿಂನ ದಕ್ಷಿಣ ಲ್ಹೋನಕ್ ಹಿಮಸರೋವರ ಒಡೆದು ತೀಸ್ತಾದಲ್ಲಿ ಪ್ರವಾಹ ನುಗ್ಗಿತು. ಹಾನಿಯ ದುರಸ್ತಿ ಮುಂದಿನ ಮಳೆಗಾಲದೊಳಗೆ ಮುಗಿಯಬೇಕಿತ್ತು. ಅದಕ್ಕೆಂದು ಮೇ ತಿಂಗಳಲ್ಲಿ ಕಾಲುವೆ ನೀರು ನಿಲ್ಲಿಸಿದರು. ಘಟಕ ಮಹಾನಂದಾ ನೀರನ್ನೇ ಎತ್ತಿತು, ಅದೂ ಹರಿವು ತೀರಾ ಕಡಿಮೆ ಇರುವ ಬೇಸಿಗೆಯ ಕೊನೆಯಲ್ಲಿ.

ಎಡವಿದ್ದು ಇಲ್ಲಿ. ಇಂಥ ಘಟಕದಲ್ಲಿ ಪಟಿಕ ಹಾಕಿದರೆ ಮಣ್ಣಿನ ಕಣ ಗಂಟುಕಟ್ಟಿ ತಳಕ್ಕಿಳಿಯುತ್ತದೆ, ಉಳಿದದ್ದನ್ನು ಮರಳು ಸೋಸುತ್ತದೆ, ಕೊನೆಗೆ ಕ್ಲೋರಿನ್ ಸೇರುತ್ತದೆ. ತೀಸ್ತಾದ ಕೆಸರಿಗೆ ಈ ಕ್ರಮ ಸಾಕು. ಆದರೆ ನೀರಲ್ಲಿ ಕರಗಿದ ಚರಂಡಿಯ ಕೊಳೆ ಬಹುಪಾಲು ಮರಳನ್ನು ದಾಟಿಬಿಡುತ್ತದೆ. ಆ ಕೊಳೆಯೇ ಕ್ಲೋರಿನ್ ತಿಂದುಹಾಕಿದರೆ ರೋಗಾಣು ಕೊಲ್ಲಲು ಅದು ಉಳಿಯುವುದಿಲ್ಲ. ನಲ್ಲಿ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇರಬೇಕೆಂಬುದು ನಿಯಮ. ಕೊಳೆಯ ಅಳತೆ ಬಿಓಡಿ, ಅಂದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ನೀರಿನಿಂದ ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣ. ಹೀಗೆ ಶುದ್ಧೀಕರಿಸಿ ಕುಡಿಸುವ ನದಿ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಈ ಪರೀಕ್ಷೆಗೆ 27 ಡಿಗ್ರಿಯಲ್ಲಿ ಮೂರು ದಿನ ಬೇಕು. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಆ ನೀರು ಮನೆಮನೆಯ ಕೊಡ ಸೇರಿರುತ್ತದೆ. ಮನೆಯಲ್ಲಿ ಕುದಿಸಿದರೆ ರೋಗಾಣು ಸಾಯುತ್ತದೆ ನಿಜ, ಕರಗಿದ ಕೊಳೆ ಹೋಗುವುದಿಲ್ಲ.

ದುರಸ್ತಿ ಮುಗಿದು ಕಾಲುವೆ ನೀರು ಮರಳಿತು. ಈಗ ಗಜಲ್‌ಡೋಬಾದಿಂದಲೇ ನೀರೆತ್ತುವ ದೊಡ್ಡ ಯೋಜನೆ ಬಂದಿದೆ. ಕಾಲುವೆ ಬಂದ್ ಆದರೂ ನಲ್ಲಿ ನಿಲ್ಲಬಾರದು ಎಂಬುದು ಅದರ ಲೆಕ್ಕ, ಅಷ್ಟರಮಟ್ಟಿಗೆ ಸರಿ. ಆದರೆ ಅದೂ ತೀಸ್ತಾ ನೀರೇ, ಮೇಲೆ ಅವೇ ಹಿಮಸರೋವರಗಳು. ಎರಡನೇ ಆಸರೆಯಾಗಬೇಕಿದ್ದ ಮಹಾನಂದಾಕ್ಕೆ ಊರಿನ ಮೋರಿಗಳು ಇನ್ನೂ ಸೇರುತ್ತಲೇ ಇವೆ.