ಪದ ಪರಿಚಯ: ಸ್ಪರ್

ಟ್ರಾನ್ಸ್‌ಮಿಟರ್ ತನ್ನ ಫ್ರೀಕ್ವೆನ್ಸಿ ಬಿಟ್ಟು ಬೇರೆಡೆ ಹೊರಡಿಸುವ ಬೇಡದ ಸಿಗ್ನಲ್ಲೇ ಸ್ಪರ್. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಸ್ಪೂರಿಯಸ್ ಎಮಿಷನ್ ಅನ್ನುವುದನ್ನು ಹೀಗೆ ಚಿಕ್ಕದಾಗಿ ಹೇಳುತ್ತಾರೆ.

ಇದು ಎಲ್ಲ ಟ್ರಾನ್ಸ್‌ಮಿಟರ್‌ನಲ್ಲೂ ಅಷ್ಟಿಷ್ಟು ಇರುತ್ತದೆ. ಸಣ್ಣ ಸಿಗ್ನಲ್ ಹಿಡಿದು ಜೋರಾಗಿ ಮತ್ತೆ ಕಳಿಸುವ ರಿಪೀಟರ್‌ಗೆ ಮಾತ್ರ ಕಾಟ ಜಾಸ್ತಿ, ಯಾಕೆಂದರೆ ಅದು ಒಂದೇ ಹೊತ್ತಿಗೆ ಕೇಳುತ್ತಲೂ ಇರಬೇಕು, ಕಳಿಸುತ್ತಲೂ ಇರಬೇಕು. 2 ಮೀಟರ್ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ಕೇಳುವ, ಕಳಿಸುವ ಫ್ರೀಕ್ವೆನ್ಸಿಗಳ ಅಂತರ ಸಾಮಾನ್ಯವಾಗಿ ಬರೀ 600 ಕಿಲೋಹರ್ಟ್ಸ್. 25 ವ್ಯಾಟ್ ಟ್ರಾನ್ಸ್‌ಮಿಟರ್‌ನ ಸ್ಪರ್ 60 ಡೆಸಿಬೆಲ್ ಕೆಳಗಿದ್ದರೂ, ಅಂದರೆ ಹತ್ತು ಲಕ್ಷದ ಒಂದು ಪಾಲಾಗಿದ್ದರೂ, ಅದು 25 ಮೈಕ್ರೋವ್ಯಾಟ್. ರಿಸೀವರ್ ಹಿಡಿಯಬೇಕಾದ ಸಣ್ಣ ಸಿಗ್ನಲ್‌ಗಿಂತ 100 ಡೆಸಿಬೆಲ್‌ಗೂ ಜಾಸ್ತಿ! ಒಂದೇ ಆಂಟೆನಾದಲ್ಲಿ ಕೇಳುವುದನ್ನೂ ಕಳಿಸುವುದನ್ನೂ ಬೇರ್ಪಡಿಸುವ ಫಿಲ್ಟರ್, ಅಂದರೆ ಡುಪ್ಲೆಕ್ಸರ್, ಬೇಕಾಗುವುದು ಇದಕ್ಕೂ ಹೌದು.

ಹಾರ್ಮೋನಿಕ್ (ಫ್ರೀಕ್ವೆನ್ಸಿಯ ಎರಡರಷ್ಟು, ಮೂರರಷ್ಟರಲ್ಲಿ ಬರುವ ಸ್ಪರ್) ಸುಲಭದ ಕೇಸು. 145.6 ಮೆಗಾಹರ್ಟ್ಸ್‌ನ ಮೂರರಷ್ಟು 436.8, ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಲೋಪಾಸ್ ಫಿಲ್ಟರ್ ಹಾಕಿದರೆ ಅಡಗುತ್ತದೆ. ತಲೆ ತಿನ್ನುವುದು ಇಂಟರ್‌ಮಾಡ್, ಅಂದರೆ ಎರಡು ಸಿಗ್ನಲ್ ಬೆರೆತು ಹುಟ್ಟುವ ಹೊಸ ಸಿಗ್ನಲ್. ನಿಮ್ಮ ರಿಪೀಟರ್ 145.6ರಲ್ಲಿ ಕಳಿಸುತ್ತಿದೆ, ಅದೇ ಟವರಿನಲ್ಲಿ ಇನ್ನೊಂದು ಟ್ರಾನ್ಸ್‌ಮಿಟರ್ 146.2ರಲ್ಲಿದೆ ಅಂದುಕೊಳ್ಳಿ. ಪಕ್ಕದ ಸಿಗ್ನಲ್ ನಿಮ್ಮ ಆಂಟೆನಾದಿಂದಲೇ ಒಳಗೆ ಬಂದು ಪವರ್ ಆಂಪ್ಲಿಫೈಯರ್‌ನಲ್ಲಿ ಬೆರೆಯುತ್ತದೆ. 145.6ರ ಎರಡರಷ್ಟರಲ್ಲಿ 146.2 ಕಳೆದರೆ 145.0. ಅದು ನಿಮ್ಮ ರಿಪೀಟರ್ ಕೇಳುವ ಫ್ರೀಕ್ವೆನ್ಸಿ, ಇನ್‌ಪುಟ್ಟೇ! ಆಗ ಯಾರೂ ಮಾತಾಡದಿದ್ದರೂ ರಿಪೀಟರ್ ಕಳಿಸುವುದನ್ನು ನಿಲ್ಲಿಸುವುದಿಲ್ಲ. ಗೊತ್ತುಮಾಡಿದ ಟೋನ್ ಇರುವ ಸಿಗ್ನಲ್‌ಗೆ ಮಾತ್ರ ತೆರೆದುಕೊಳ್ಳುವ ಟೋನ್ ಸ್ಕ್ವೆಲ್ಚ್ ಹಾಕಿ ಸುಮ್ಮನಾಗುವವರಿದ್ದಾರೆ. ಅದು ಗಲಾಟೆಯನ್ನು ಮುಚ್ಚುತ್ತದೆ, ಅಷ್ಟೇ. ದೂರದ ಸಣ್ಣ ಸಿಗ್ನಲ್ ಆಗಲೂ ಮುಳುಗಿಯೇ ಇರುತ್ತದೆ.

ಪಾರ್ಟ್ ಬದಲಿಸುವ ಮೊದಲು ಸ್ಪರ್ ಹುಟ್ಟುವ ಜಾಗ ಹುಡುಕಬೇಕು. ಅಳೆಯುವ ರಿಸೀವರ್ರೇ ಓವರ್‌ಲೋಡ್ ಆಗಿ ಇಲ್ಲದ ಸ್ಪರ್ ತೋರಿಸಬಹುದು, ಹಾಗಾಗಿ ಅದನ್ನೇ ಮೊದಲು ಅನುಮಾನಿಸಿ. ಅದರ ಮುಂದೆ ಸಿಗ್ನಲ್ ತಗ್ಗಿಸುವ 3 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿ. ಸ್ಪರ್ ಕೂಡ 3 ಡೆಸಿಬೆಲ್ ಇಳಿದರೆ ಅದು ನಿಜವಾಗಿ ಹೊರಗಿದೆ. ಸುಮಾರು 9 ಇಳಿದರೆ ಆ ಇಂಟರ್‌ಮಾಡ್ ರಿಸೀವರ್ ಒಳಗೇ ಹುಟ್ಟಿದ್ದು. ಇಷ್ಟು ಕಡಿಮೆ ಖರ್ಚಿನ, ಇಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಆಮೇಲೆ ಟ್ರಾನ್ಸ್‌ಮಿಟರನ್ನು ಡಮ್ಮಿ ಲೋಡಿಗೆ (ಆಂಟೆನಾ ಬದಲಿಗೆ ಪವರ್ ನುಂಗುವ ರೆಸಿಸ್ಟರಿಗೆ) ಕಟ್ಟಿ ನೋಡಿ. ಸ್ಪರ್ ಉಳಿದರೆ ತಪ್ಪು ಟ್ರಾನ್ಸ್‌ಮಿಟರ್‌ನದು. ಮಾಯವಾದರೂ ಅದಕ್ಕೆ ಕ್ಲೀನ್ ಚಿಟ್ ಕೊಡಬೇಡಿ. ಕೆಲವು ಆಂಪ್ಲಿಫೈಯರ್‌ಗಳು 50 ಓಮ್ ಲೋಡಿನಲ್ಲಿ ತೆಪ್ಪಗಿದ್ದು, ಡುಪ್ಲೆಕ್ಸರ್‌ಗೆ ಕಟ್ಟಿದ ಕೂಡಲೇ ಆಸಿಲೇಟ್ ಆಗುತ್ತವೆ, ಅಂದರೆ ತಾವೇ ಸಿಗ್ನಲ್ ಹುಟ್ಟಿಸುತ್ತವೆ. ನಡುವಿನ ಕೇಬಲ್ಲಿನ ಉದ್ದ ಬದಲಿಸಿದರೆ ನಿಲ್ಲುವುದೂ ಉಂಟು. ಪಕ್ಕದ ಟ್ರಾನ್ಸ್‌ಮಿಟರ್ ಆಫ್ ಮಾಡಿದಾಗ ಮಾತ್ರ ಹೋಗುವುದಾದರೆ ಇಂಟರ್‌ಮಾಡ್. ಆಂಪ್ಲಿಫೈಯರ್‌ನ ಔಟ್‌ಪುಟ್‌ಗೆ ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಹಾಕಿ. ಅದರಲ್ಲಿನ ಫೆರೈಟ್ ಎಂಬ ಕಾಂತೀಯ ವಸ್ತು ತಾನೇ ಹಾರ್ಮೋನಿಕ್ ಹುಟ್ಟಿಸಬಲ್ಲದು, ಆದ್ದರಿಂದ ಲೋಪಾಸ್ ಫಿಲ್ಟರ್ ಅದರ ನಂತರ ಬರಬೇಕು. ಆಗಲೂ ಹೋಗದಿದ್ದರೆ ಟವರಿನ ತುಕ್ಕು ಹಿಡಿದ ಬೋಲ್ಟು, ಸಡಿಲ ಕ್ಲ್ಯಾಂಪು ನೋಡಿ. ಅವೂ ಡಯೋಡಿನಂತೆ ಎರಡು ಸಿಗ್ನಲ್‌ಗಳನ್ನು ಬೆರೆಸುತ್ತವೆ.